ಹದಿನೇಳು ವರ್ಷದ ಬಾಕ್ಸ್‌ಸ್ಟರ್‌ಗೆ ಹೊಸ ಶಾಕ್ ಅಬ್ಸಾರ್ಬರ್: ನಮ್ಮ ಕರಾವಳಿಯ ರಸ್ತೆಗೆ ಯಾವುದು ಸರಿ?

ಪಡುಬಿದ್ರಿ_ಪಯಣಿಗ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2008ನೆಯ ಇಸವಿಯ ಪೋರ್ಷೆ ಬಾಕ್ಸ್‌ಸ್ಟರ್ ಇದೆ. 987 ತಲೆಮಾರಿನದು, 2.7 ಲೀಟರ್ ಎಂಜಿನ್, ಮ್ಯಾನ್ಯುವಲ್ ಗೇರು. ಬೆಂಗಳೂರಿನಲ್ಲಿದ್ದ ಮೊದಲ ಮಾಲೀಕರಿಂದ ಆರು ವರ್ಷಗಳ ಹಿಂದೆ ಕೊಂಡದ್ದು, ಈವರೆಗೆ ಓಡಿದ್ದು 58 ಸಾವಿರ ಕಿಲೋಮೀಟರ್ ಮಾತ್ರ. ಹದಿನೇಳು ವರ್ಷ ಕಳೆದರೂ ಶಾಕ್ ಅಬ್ಸಾರ್ಬರ್‌ಗಳಿಗೆ ಯಾರೂ ಕೈ ಹಾಕಿದಂತೆ ಕಾಣುವುದಿಲ್ಲ.

ತೊಂದರೆ ಒಮ್ಮೆಗೇ ಬಂದದ್ದಲ್ಲ. ಮಂಗಳೂರಿನ ಕಾಂಕ್ರೀಟ್ ರಸ್ತೆಗಳಲ್ಲಿ ಒಂದು ಹಾಸಿನಿಂದ ಮತ್ತೊಂದಕ್ಕೆ ದಾಟುವಾಗಲೆಲ್ಲ ಹಿಂಬದಿಯ ಎಡಗಡೆಯಿಂದ ‘ಟಕ್’ ಎಂಬ ಸದ್ದು ಬರತೊಡಗಿ ಒಂದು ವರ್ಷವಾಯಿತು. ಹೆದ್ದಾರಿಯಲ್ಲಿ ಸೇತುವೆಗಳ ತಲೆಯಲ್ಲಿ ರಸ್ತೆ ತುಸು ಕುಸಿದಿರುತ್ತದಲ್ಲ, ಅಲ್ಲಿ ಇಳಿದು ಏರಿದ ಮೇಲೆ ಕಾರು ಒಮ್ಮೆ ತಲೆಯಾಡಿಸಿ ಸುಮ್ಮನಾಗುವ ಬದಲು ಎರಡು ಮೂರು ಸಲ ತೂಗುತ್ತದೆ. ಕಳೆದ ವಾರ ಟಯರ್ ಅಂಗಡಿಯಲ್ಲಿ ಕಾರನ್ನು ಎತ್ತಿದಾಗ ಹಿಂಬದಿಯ ಎಡಗಡೆಯ ಸ್ಟ್ರಟ್, ಅಂದರೆ ಕಂಬದಂಥ ಶಾಕ್ ಅಬ್ಸಾರ್ಬರ್, ಎಣ್ಣೆಯಲ್ಲಿ ತೊಯ್ದು ಹೋಗಿರುವುದು ಕಂಡಿತು. ಅದಕ್ಕೆ ಅಂಟಿದ ಕೆಂಪು ಮಣ್ಣನ್ನು ಉಗುರಿನಿಂದ ಕೆರೆದರೆ ಹಪ್ಪಳದ ಹಿಟ್ಟಿನಂತೆ ಸುರುಳಿಯಾಗಿ ಬರುತ್ತಿತ್ತು.

ಈಗ ಮೂರು ಕಡೆಯಿಂದ ಮೂರು ಸಲಹೆ ಬಂದಿದೆ. ಒಬ್ಬ ಮೆಕ್ಯಾನಿಕ್ ಹಳೆಯದಕ್ಕೇ ಎಣ್ಣೆ ತುಂಬಿಸಿ ಕೊಡುತ್ತೇನೆ ಎನ್ನುತ್ತಾನೆ. ಸ್ನೇಹಿತರೊಬ್ಬರು ಹೇಗೂ ಬಿಚ್ಚುವುದರಿಂದ ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ (ಸ್ಪ್ರಿಂಗೂ ಶಾಕೂ ಸೇರಿದ ಜೋಡಣೆ) ಹಾಕಿಸಿ ಕಾರನ್ನು ಒಂದಿಂಚು ತಗ್ಗಿಸು ಎನ್ನುತ್ತಾರೆ. ಮೂರನೆಯವರು ಮೂಲದಲ್ಲಿ ಇದ್ದುದನ್ನೇ ಹಾಕಿಸು ಎನ್ನುತ್ತಾರೆ. ನನ್ನ ಬಳಕೆ ಇಷ್ಟು: ಭಾನುವಾರ ಬೆಳಿಗ್ಗೆ ಉಡುಪಿಯಿಂದ ಕುಂದಾಪುರದ ಕಡೆಗೆ, ವರ್ಷಕ್ಕೆ ಮೂರು ನಾಲ್ಕು ಸಲ ಆಗುಂಬೆ ಅಥವಾ ಚಾರ್ಮಾಡಿ. ಮನೆಯ ಗೇಟಿನ ಮುಂದಿನ ಇಳಿಜಾರಿನಲ್ಲಿ ಮುಂಬದಿಯ ಬಂಪರ್ ಈಗಲೇ ಆಗೀಗ ತಾಗುತ್ತದೆ. ಯಾವುದನ್ನು ಆರಿಸಲಿ?

ಹಳೆ_ಸ್ಪ್ಯಾನರ್

ಪಯಣಿಗರೇ, ಆರಿಸುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು.

ಗೇರ್ ಲಿವರಿನ ಆಸುಪಾಸಿನಲ್ಲಿ ಶಾಕ್ ಅಬ್ಸಾರ್ಬರಿನ ಚಿತ್ರವಿರುವ ಗುಂಡಿ ಇದೆಯೇ? ಇದ್ದರೆ ನಿಮ್ಮದು ಪಾಸ್ಮ್ ಇರುವ ಕಾರು. ಅಂದರೆ ಗಡಸುತನವನ್ನು ವಿದ್ಯುತ್ತಿನಿಂದ ಬದಲಾಯಿಸುವ ಶಾಕ್‌ಗಳು, ಪ್ರತಿಯೊಂದಕ್ಕೂ ಒಂದು ವಯರು. ಅಂಥ ಕಾರಿಗೆ ಸಾಧಾರಣ ಶಾಕ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಉರಿಯುತ್ತಲೇ ಇರುತ್ತದೆ. ಪಾಸ್ಮ್ ಕಾರು ಕಾರ್ಖಾನೆಯಿಂದಲೇ 10 ಮಿಲಿಮೀಟರ್ ತಗ್ಗಾಗಿ ಬಂದಿರುತ್ತದೆ, ಆದ್ದರಿಂದ ಸ್ಪ್ರಿಂಗೂ ಬೇರೆ.

ಎರಡನೆಯದು, ಸ್ಪ್ರಿಂಗುಗಳು ಮೂಲದವೇ? ಹಿಂದಿನ ಮಾಲೀಕರು ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದರೆ ಆಯ್ಕೆಯೇ ಬದಲಾಗುತ್ತದೆ. ಮೂರನೆಯದು, ಟಯರುಗಳ ವಯಸ್ಸು. ಟಯರಿನ ಪಕ್ಕದ ಮೈಯಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು. ಹಳೆಯ ಟಯರಿನ ಗಟ್ಟಿತನವನ್ನು ಶಾಕ್‌ನ ದೋಷವೆಂದು ತಿಳಿದು ದುಡ್ಡು ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾಲ್ಕನೆಯದು, ಉಳಿದ ಮೂರು ಸ್ಟ್ರಟ್‌ಗಳು ಹೇಗಿವೆ? ರಾಡ್ ಹೊರಬರುವಲ್ಲಿ ತೆಳುವಾದ ಎಣ್ಣೆಯ ಪಸೆ ಇರುವುದು ಸಹಜ, ಸೀಲಿಗೆ ಅದು ಬೇಕು. ತೊಟ್ಟಿಕ್ಕುವಂತಿದ್ದರೆ, ಅಥವಾ ನೀವು ಹೇಳಿದಂತೆ ಮಣ್ಣು ಕಲಸಿದ ಹಾಗೆ ಅಂಟಿದ್ದರೆ, ಆ ಶಾಕ್‌ನ ಕಥೆ ಮುಗಿಯಿತು.

ಎಣ್ಣೆ ತುಂಬಿಸುವ ವಿಚಾರವನ್ನು ಮರೆತುಬಿಡಿ. ಕಾರಣವನ್ನು ಬೇರೆ ಯಾರಾದರೂ ಹೇಳುತ್ತಾರೆ.

ಆಗುಂಬೆ_14

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇದು ಸ್ಪೋರ್ಟ್ಸ್ ಕಾರು, ಮದುವೆಗೆ ಹೋಗುವ ವಾಹನವಲ್ಲ. ಹೇಗೂ ನಾಲ್ಕೂ ಮೂಲೆ ಬಿಚ್ಚುವುದಾದರೆ ಒಂದು ಒಳ್ಳೆಯ ಕಾಯಿಲ್‌ಓವರ್ ಸೆಟ್ ಹಾಕಿಸಿ, ಎತ್ತರವನ್ನು ನಿಮಗೆ ಬೇಕಾದಲ್ಲಿ ನಿಲ್ಲಿಸಿ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಂದೊಂದರಲ್ಲೂ ಕಾರು ವಾಲುವುದು ಕಡಿಮೆಯಾದರೆ ಸಿಗುವ ಧೈರ್ಯವೇ ಬೇರೆ. ನಾನು ನನ್ನ ಬಿಎಂಡಬ್ಲ್ಯು ಝಡ್4 ಕಾರಿಗೆ ಹಾಗೆ ಮಾಡಿಸಿ ನಾಲ್ಕು ವರ್ಷವಾಯಿತು, ಒಮ್ಮೆಯೂ ಪಶ್ಚಾತ್ತಾಪ ಪಟ್ಟಿಲ್ಲ.

ಮಣಿಪಾಲ_ಮೇಷ್ಟ್ರು

ಆಗುಂಬೆಯವರ ಉತ್ಸಾಹಕ್ಕೆ ನನ್ನ ವಿರೋಧವಿಲ್ಲ, ಆದರೆ ವಾಲುವುದನ್ನು ತಡೆಯುವ ಕೆಲಸ ಮುಖ್ಯವಾಗಿ ಸ್ಪ್ರಿಂಗಿನದು ಮತ್ತು ಆಂಟಿರೋಲ್ ಬಾರಿನದು, ಅಂದರೆ ಎಡ ಬಲ ಚಕ್ರಗಳನ್ನು ಬೆಸೆಯುವ ಕಂಬಿಯದು. ಇದನ್ನು ಬಿಡಿಸಿ ಹೇಳದೆ ಶಾಕ್ ಆರಿಸಲು ಹೊರಟರೆ ಮಾತು ಹಳಿ ತಪ್ಪುತ್ತದೆ.

ತೊಟ್ಟಿಲನ್ನು ನೆನಪಿಸಿಕೊಳ್ಳಿ. ಮಗುವಿನ ಭಾರವನ್ನು ಹೊರುವುದು ಹಗ್ಗ. ತೂಗಾಟವನ್ನು ನಿಲ್ಲಿಸುವುದು ಅಮ್ಮನ ಕೈ. ಕಾರಿನ ಸುಮಾರು 1,300 ಕಿಲೋ ಭಾರವನ್ನು ಹೊರುವುದು ಸ್ಪ್ರಿಂಗುಗಳು, ಅವುಗಳ ತೂಗಾಟವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಕವಾಟಗಳ ಮೂಲಕ ನುಗ್ಗಿಸುತ್ತದೆ, ಚಲನೆಯ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಘಟ್ಟ ಇಳಿದು ನಿಲ್ಲಿಸಿದ ಮೇಲೆ ಶಾಕ್‌ನ ಮೈ ಬೆಚ್ಚಗಿರುವುದು ಇದೇ ಕಾರಣಕ್ಕೆ.

ಕೈ ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ಹಗ್ಗ ನಿರ್ಧರಿಸುತ್ತದೆ, ಮಾಲೀಕರ ಹುಮ್ಮಸ್ಸಲ್ಲ. ಮೆದು ಸ್ಪ್ರಿಂಗಿಗೆ ಅತಿ ಬಿಗಿಯಾದ ಶಾಕ್ ಹಾಕಿದರೆ, ಒಂದು ಹಂಪ್ ದಾಟಿ ಒಳಗೆ ಹೋದ ಚಕ್ರ ಮತ್ತೆ ಕೆಳಗೆ ಇಳಿಯುವ ಮೊದಲೇ ಎರಡನೆಯ ಹಂಪ್ ಬಂದುಬಿಡುತ್ತದೆ. ಸಾಲಾಗಿ ಐದಾರು ಪಟ್ಟಿ ಹಾಕಿದ ಕಡೆ ಕಾರು ಹಂತಹಂತವಾಗಿ ಕೆಳಗೆ ಕೂತುಕೊಂಡು, ಕೊನೆಯ ಪಟ್ಟಿಯಲ್ಲಿ ನೇರವಾಗಿ ಬಂಪ್ ಸ್ಟಾಪಿಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಬಡಿಯುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ ಎಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟುವಂಥದ್ದು. ನಮ್ಮ ಒಳರಸ್ತೆಗಳಲ್ಲಿ ಊರವರು ಒಂದು ರಾತ್ರಿಯಲ್ಲಿ ಕಟ್ಟಿದ ಹಂಪ್‌ಗಳಿಗೆ ಈ ಅಳತೆಯ ಗೊಡವೆಯೇ ಇಲ್ಲ. ಎತ್ತರ ಅಷ್ಟೇ ಇದ್ದರೂ ಅಗಲ ಒಂದು ಮೊಳ. ತಗ್ಗಿಸಿದ ಕಾರಿನಲ್ಲಿ ಚಕ್ರಕ್ಕೆ ಮೇಲೆ ಹೋಗಲು ಉಳಿಯುವ ಜಾಗವೇ ಕಡಿಮೆ. ಗೇಟಿನ ಮುಂದೆಯೇ ಬಂಪರ್ ತಾಗುವವರು ಕಾರನ್ನು ತಗ್ಗಿಸುವುದು ನನಗಂತೂ ಅರ್ಥವಾಗುವುದಿಲ್ಲ.

ಪಡುಬಿದ್ರಿ_ಪಯಣಿಗ

ಉತ್ತರಗಳಿಗೆ ಧನ್ಯವಾದ. ಶಾಕ್‌ನ ಚಿತ್ರವಿರುವ ಗುಂಡಿ ಇಲ್ಲ, ವಯರೂ ಕಾಣಲಿಲ್ಲ. ಆದ್ದರಿಂದ ಪಾಸ್ಮ್ ಅಲ್ಲ. ಸ್ಪ್ರಿಂಗುಗಳ ಮೇಲೆ ಮೂಲದ ಬಣ್ಣದ ಗುರುತು ಇನ್ನೂ ಉಳಿದಿದೆ. ಚಕ್ರಗಳು 17 ಇಂಚಿನವು, ಮುಂದೆ 205/55, ಹಿಂದೆ 235/50. ಟಯರಿನ ಅಂಕಿ ಓದಿ ನನಗೇ ನಾಚಿಕೆಯಾಯಿತು: 2317. ಅಂಗೈ ಇಟ್ಟು ಸವರಿದರೆ ಹಿಂಬದಿಯ ಎಡ ಟಯರಿನ ಒಳ ಅಂಚಿನಲ್ಲಿ ಅಲೆಯಲೆಯಾಗಿ ತಗ್ಗು ದಿಣ್ಣೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮುಂಬದಿಯ ಎರಡೂ ಸ್ಟ್ರಟ್ ಒಣಗಿವೆ, ಹಿಂಬದಿಯ ಬಲಗಡೆಯದರಲ್ಲಿ ಸ್ವಲ್ಪ ಪಸೆ ಇದೆ.

ಉಪ್ಪುಗಾಳಿ

ಎಣ್ಣೆ ತುಂಬಿಸುವುದರ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಆ ತಪ್ಪನ್ನು ಮಾಡಿ ನೋಡಿದ್ದೇನೆ. ಹಿಂದೆ ನನ್ನ ಬಳಿ ಇದ್ದ ಒಂದು ಹಳೆಯ ಎರಡು ಸೀಟಿನ ಕಾರಿನ ಶಾಕ್‌ಗಳನ್ನು ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಕೊಳವೆಗೆ ತೂತು ಕೊರೆದು, ಯಾವುದೋ ಹೈಡ್ರಾಲಿಕ್ ಎಣ್ಣೆ ಸುರಿದು, ವೆಲ್ಡ್ ಮಾಡಿ, ಕಪ್ಪು ಬಣ್ಣ ಬಳಿದು ಕೊಟ್ಟರು. ಮೊದಲ ವಾರ ಕಾರು ಮರದ ಗಾಡಿಯಂತೆ ಗಟ್ಟಿಯಾಗಿತ್ತು. ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಯಲ್ಲಿ ಹಿಂಬದಿ ತೇಲತೊಡಗಿತು. ಒಳಗಿನ ಅನಿಲ ಹೋದ ಮೇಲೆ ಎಣ್ಣೆ ಬಿಸಿಯಾಗಿ ನೊರೆಗಟ್ಟುತ್ತದೆ, ನೊರೆಗೆ ಹಿಡಿತವಿಲ್ಲ. ಮೂಲ ಎಣ್ಣೆಯ ಸ್ನಿಗ್ಧತೆ, ಅನಿಲದ ಒತ್ತಡ, ಹೊಸ ಸೀಲು, ಈ ಮೂರನ್ನೂ ಸರಿಯಾಗಿ ಕೂರಿಸಿ ಶಾಕ್‌ಗೆ ಮರುಜೀವ ಕೊಡುವ ಕಾರ್ಯಾಗಾರಗಳು ಇವೆ, ನಿಜ. ಆದರೆ ತೂತು ಕೊರೆದು ವೆಲ್ಡ್ ಮಾಡುವುದು ಆ ವಿದ್ಯೆಯಲ್ಲ.

ಇನ್ನೊಂದು ಮಾತು. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಭಾನುವಾರದ ಸವಾರಿಗೆ ಅದಕ್ಕಿಂತ ಚಂದದ ಜಾಗವಿಲ್ಲ, ಕಾರಿನ ಅಡಿಭಾಗಕ್ಕೆ ಅದಕ್ಕಿಂತ ಕೆಟ್ಟ ಜಾಗವೂ ಇಲ್ಲ. ನಿಮ್ಮ ಕಾರಿನಲ್ಲಿ ಉಕ್ಕಿನ ಸ್ಟ್ರಟ್ ಅಲ್ಯೂಮಿನಿಯಮ್ಮಿನ ಚಕ್ರಹಿಡಿಕೆಯೊಳಗೆ ಕೂತು, ಒಂದು ಬೋಲ್ಟಿನಿಂದ ಬಿಗಿದುಕೊಂಡಿರುತ್ತದೆ. ಎರಡು ಲೋಹ, ನಡುವೆ ಉಪ್ಪುನೀರು, ಮೇಲೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿದ ಮಳೆ: ಅವು ಪರಸ್ಪರ ಕಚ್ಚಿಕೊಳ್ಳದಿದ್ದರೆ ಆಶ್ಚರ್ಯ. ಗ್ಯಾರೇಜಿಗೆ ಹೋಗುವ ಮೂರು ನಾಲ್ಕು ದಿನ ಮೊದಲಿನಿಂದಲೇ ತುಕ್ಕು ಬಿಡಿಸುವ ಎಣ್ಣೆಯನ್ನು ಸಂಜೆ ಬೆಳಿಗ್ಗೆ ಹಾಕುತ್ತಿರಿ. ಸುತ್ತಿಗೆಯಿಂದ ಅಲ್ಯೂಮಿನಿಯಮ್ಮಿಗೆ ಹೊಡೆಯಲು ಯಾರಿಗೂ ಬಿಡಬೇಡಿ.

ಹಳೆ_ಸ್ಪ್ಯಾನರ್

ಈಗ ಆಯ್ಕೆಗೆ ಬರೋಣ. ಶಾಕ್ ತಯಾರಿಸುವ ಬಿಲ್‌ಸ್ಟೈನ್ ಕಂಪನಿಯ ಸಾಲುಗಳನ್ನೇ ಮಾದರಿಯಾಗಿ ಇಟ್ಟುಕೊಂಡು ಹೇಳುತ್ತೇನೆ, ಏಕೆಂದರೆ ಅವರ ಹೆಸರಿಡುವ ಕ್ರಮದಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಬಿ4 ಎಂದರೆ ಕಾರು ಕಾರ್ಖಾನೆಯಿಂದ ಬಂದಾಗ ಇದ್ದ ಗುಣಕ್ಕೆ ಸಮನಾದದ್ದು. ಬಿ6 ಮೂಲ ಎತ್ತರದ ಸ್ಪ್ರಿಂಗಿಗೇ ಹೊಂದುತ್ತದೆ, ಆದರೆ ಹೆಚ್ಚು ಬಿಗಿ, ಒಂಟಿ ಕೊಳವೆಯ ರಚನೆ. ಬಿ8 ಕೂಡ ಆ ಜಾತಿಯದೇ, ಆದರೆ ಮೈ ಗಿಡ್ಡ. ತಗ್ಗಿಸಿದ ಸ್ಪ್ರಿಂಗಿಗೆಂದು ಮಾಡಿದ್ದು. ಮೂಲ ಸ್ಪ್ರಿಂಗ್ ಇಟ್ಟುಕೊಂಡು ಬಿ8 ಕೊಳ್ಳುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಹೆಸರಿನಲ್ಲಿ ಸಂಖ್ಯೆ ದೊಡ್ಡದಾದ ಕೂಡಲೇ ಮಾಲು ಉತ್ತಮ ಎಂದು ತಿಳಿಯುವವರು ಇದ್ದಾರೆ. ಬಿ14 ಮತ್ತು ಬಿ16 ಎತ್ತರ ಹೊಂದಿಸುವ ಕಾಯಿಲ್‌ಓವರ್‌ಗಳು. ಕೋನಿ ಎಂಬ ಇನ್ನೊಂದು ಕಂಪನಿಯ ಹಳದಿ ಬಣ್ಣದ ಸ್ಪೋರ್ಟ್ ಸಾಲಿನಲ್ಲಿ ರಿಬೌಂಡನ್ನು, ಅಂದರೆ ಚಕ್ರ ಮರಳಿ ಇಳಿಯುವ ವೇಗವನ್ನು, ತಿರುಪಿನಿಂದ ಹೊಂದಿಸಿಕೊಳ್ಳಬಹುದು. ಯಾವ ಕಂಪನಿಯದಾದರೂ ನಿಮ್ಮ ಷಾಸಿ ಸಂಖ್ಯೆಯನ್ನು ಕೊಟ್ಟು, ಪಾಸ್ಮ್ ಇಲ್ಲದ ಕಾರಿನ ಭಾಗಸಂಖ್ಯೆಯನ್ನೇ ಖಚಿತಪಡಿಸಿಕೊಂಡು ಕೊಳ್ಳಿ.

ಒಂಟಿ ಕೊಳವೆ, ಜೋಡಿ ಕೊಳವೆ ಎಂಬ ಮಾತು ಬರುತ್ತಲೇ ಇರುತ್ತದೆ. ಜೋಡಿ ಕೊಳವೆಯಲ್ಲಿ ಕೆಲಸ ಮಾಡುವ ಸಿಲಿಂಡರಿನ ಸುತ್ತ ಇನ್ನೊಂದು ಕೊಳವೆಯಿದ್ದು, ಎಣ್ಣೆ ಅಲ್ಲಿಗೆ ಹೋಗಿ ಬರುತ್ತದೆ. ಅನಿಲದ ಒತ್ತಡ ಕೆಲವೇ ಬಾರ್. ಸಣ್ಣಪುಟ್ಟ ಒರಟನ್ನು ಮೆದುವಾಗಿ ನುಂಗುತ್ತದೆ, ಬೆಲೆಯೂ ಕಡಿಮೆ. ಒಂಟಿ ಕೊಳವೆಯಲ್ಲಿ ಎಣ್ಣೆಯನ್ನೂ ಅನಿಲವನ್ನೂ ಒಂದು ತೇಲುವ ಪಿಸ್ಟನ್ ಬೇರ್ಪಡಿಸುತ್ತದೆ, ಒತ್ತಡ 20 ಬಾರ್‌ಗೂ ಹೆಚ್ಚು, ಆದ್ದರಿಂದ ನೊರೆಯ ಕಾಟ ಬಹಳ ಕಡಿಮೆ. ಬಿಸಿಯೂ ಬೇಗ ಹೊರಹೋಗುತ್ತದೆ. ಬಿಲ್‌ಸ್ಟೈನ್ ಇದನ್ನು 1957ರಲ್ಲೇ ಮರ್ಸಿಡಿಸ್ ಕಾರುಗಳಿಗೆ ಕೊಟ್ಟಿತ್ತು, ಹೊಸ ಮಾಯೆಯೇನಲ್ಲ.

ನಮ್ಮ ಊರಿನವರು ಗಮನಿಸಬೇಕಾದ ಒಂದು ಸಂಗತಿ ಇದೆ. ಬಾಕ್ಸ್‌ಸ್ಟರ್‌ಗೆ ನಾಲ್ಕೂ ಮೂಲೆಯಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್. ಅಂದರೆ ಶಾಕ್ ತೂಗಾಟ ತಡೆಯುವುದರ ಜೊತೆಗೆ ಚಕ್ರವನ್ನು ನೇರವಾಗಿ ಹಿಡಿಯುವ ಕಂಬವೂ ಹೌದು, ತಿರುವಿನಲ್ಲಿ ಬಾಗಿಸುವ ಒತ್ತಡ ಅದರ ಮೇಲೆಯೇ ಬೀಳುತ್ತದೆ. ಅದಕ್ಕಾಗಿ ಒಂಟಿ ಕೊಳವೆಯ ಸ್ಟ್ರಟ್‌ಗಳನ್ನು ಸಾಮಾನ್ಯವಾಗಿ ತಲೆಕೆಳಗಾಗಿ ರಚಿಸುತ್ತಾರೆ. ದಪ್ಪನೆಯ ಮೈಯೇ ಗ್ರೀಸ್ ಹಚ್ಚಿದ ಬುಶ್‌ಗಳ ಮೇಲೆ ಜಾರುತ್ತದೆ. ಬಲ ಚೆನ್ನಾಗಿರುತ್ತದೆ, ಆದರೆ ಧೂಳುಕವಚ ಹರಿದು ಮಳೆಗಾಲದ ಕೆಸರು ಒಳಸೇರಿದರೆ ಆ ಬುಶ್ ಸವೆದು ‘ಕಟ ಕಟ’ ಸದ್ದು ಶುರುವಾಗುತ್ತದೆ. ಕವಚವನ್ನು ವರ್ಷಕ್ಕೊಮ್ಮೆ ನೋಡುವ ಶಿಸ್ತು ಇದ್ದವರು ಬಿ6 ಹಾಕಿಸಲಿ. ನಿಮ್ಮ ಬಳಕೆಗೆ, ಅದರಲ್ಲೂ ಕಾಂಕ್ರೀಟಿನ ಸಂದುಗಳ ಮೇಲೆ ಓಡಾಡುವವರಿಗೆ, ನಾನು ಮೂಲ ಗುಣದ ಶಾಕ್‌ಗಳನ್ನೇ ಹೇಳುತ್ತೇನೆ. ಹದಿನೇಳು ವರ್ಷ ಸವೆದದ್ದನ್ನು ಓಡಿಸಿ ಅಭ್ಯಾಸವಾದವರಿಗೆ ಕಾರು ಹೊಸದರಲ್ಲಿ ಹೇಗಿತ್ತು ಎಂಬುದೇ ಗೊತ್ತಿರುವುದಿಲ್ಲ. ಮೊದಲು ಅದನ್ನು ನೋಡಿ.

ಕೊಟ್ಟಾರದ_ಕೊಡೆ

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ಸೋರುತ್ತಿರುವುದು ಒಂದೇ ತಾನೇ, ಅದೊಂದನ್ನೇ ಬದಲಾಯಿಸಿದರೆ ಸಾಲದೇ?

ಮಣಿಪಾಲ_ಮೇಷ್ಟ್ರು

ಸಾಲದು. ಒಂದೇ ಆಕ್ಸಲಿನ ಎಡ ಬಲಗಳಲ್ಲಿ ಬೇರೆ ಬೇರೆ ಹಿಡಿತವಿದ್ದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯಬಹುದು. ಜೋಡಿಯಾಗಿಯೇ ಬದಲಾಯಿಸಬೇಕು, ಈ ಕಾರಿನಲ್ಲಿ ಎಂಜಿನ್ ನಡುವೆ ಇದ್ದು ಭಾರದ ಹೆಚ್ಚಿನ ಪಾಲು ಹಿಂದೆ ಇರುವುದರಿಂದ, ಮುಂದೆ ಹದಿನೇಳು ವರ್ಷದ್ದು, ಹಿಂದೆ ಹೊಸದು ಎಂಬ ಏರ್ಪಾಡನ್ನೂ ನಾನು ಒಪ್ಪುವುದಿಲ್ಲ.

ಆಗುಂಬೆ_14

ಸರಿ ಮಾರಾಯರೇ, ಗೇಟಿನ ಇಳಿಜಾರಿನ ಮಾತನ್ನು ನಾನು ಗಮನಿಸಿರಲಿಲ್ಲ, ತಗ್ಗಿಸುವ ಸಲಹೆಯನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಆದರೆ ಬಿ6 ಬಿಟ್ಟುಕೊಡುವುದಿಲ್ಲ. ಘಟ್ಟದಲ್ಲಿ ಒಂದು ತಿರುವಿನಿಂದ ಇನ್ನೊಂದಕ್ಕೆ ಸ್ಟೇರಿಂಗ್ ಹೊರಳಿಸುವಾಗ ಕಾರು ಕೂಡಲೇ ನೆಲ ಹಿಡಿಯುವ ಸುಖವನ್ನು ಒಮ್ಮೆ ಕಂಡವರು ಕಾಂಕ್ರೀಟಿನ ಸಂದಿಯ ನಾಲ್ಕು ಏಟು ಸಹಿಸುತ್ತಾರೆ. ನನ್ನ ಕಾರಿನ ಧೂಳುಕವಚವನ್ನು ನಾನು ವರ್ಷಕ್ಕೆ ಎರಡು ಸಲ ನೋಡುತ್ತೇನೆ, ಅದೇನೂ ದೊಡ್ಡ ಕಷ್ಟವಲ್ಲ.

ಹಳೆ_ಸ್ಪ್ಯಾನರ್

ನಿಮ್ಮಂಥವರಿಗೆ ಬಿ6 ಸರಿಯೇ. ಪಯಣಿಗರು ವರ್ಷಕ್ಕೆ ನಾಲ್ಕು ಸಲ ಘಟ್ಟ ಹತ್ತುವವರು, ಐವತ್ತು ಸಲ ಊರೊಳಗೆ ಓಡಾಡುವವರು.

ಪಯಣಿಗರೇ, ಶಾಕ್‌ನ ಹೆಸರಿಗೆ ಹಾಕುವ ತಲೆಯಲ್ಲಿ ಅರ್ಧವನ್ನಾದರೂ ರಬ್ಬರಿಗೆ ಹಾಕಿ. ಟಾಪ್ ಮೌಂಟ್ (ಸ್ಟ್ರಟ್‌ನ ತಲೆಯನ್ನು ಕಾರಿನ ಮೈಗೆ ಹಿಡಿಯುವ ರಬ್ಬರ್ ಮತ್ತು ಲೋಹದ ಭಾಗ), ಮುಂಬದಿಯ ಮೌಂಟಿನ ಬೇರಿಂಗ್, ಬಂಪ್ ಸ್ಟಾಪ್, ಧೂಳುಕವಚ, ಆಂಟಿರೋಲ್ ಬಾರಿನ ಲಿಂಕ್ ರಾಡ್, ಇಷ್ಟನ್ನೂ ಶಾಕ್ ಜೊತೆಗೇ ತರಿಸಿ. ನಮ್ಮ ಸೆಕೆ ಮತ್ತು ತೇವದಲ್ಲಿ ಬಂಪ್ ಸ್ಟಾಪಿನ ನೊರೆರಬ್ಬರ್ ಓಡದೆ ನಿಂತಲ್ಲೇ ಹಾಳಾಗುತ್ತದೆ. ಅದಿಲ್ಲದ ಶಾಕ್ ತಳಕ್ಕೆ ಬಡಿದು ಬಡಿದು ಹೊಸದಾಗಿದ್ದರೂ ಬೇಗ ಸೋರತೊಡಗುತ್ತದೆ. ಕೆಳಗಿನ ಆರ್ಮ್‌ಗಳ ಬುಶ್ ಬಿರುಕು ಬಿಟ್ಟಿದ್ದರೆ ಅವನ್ನೂ ಈಗಲೇ ಮಾಡಿಸಿ, ಇಲ್ಲವಾದರೆ ಅಲೈನ್‌ಮೆಂಟಿಗೆ ಎರಡು ಸಲ ದುಡ್ಡು.

ಜೋಡಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಸ್ಪ್ರಿಂಗನ್ನು ಒತ್ತಿಹಿಡಿಯುವ ಉಪಕರಣ ಗಟ್ಟಿಯಾದದ್ದೇ ಆಗಿರಲಿ. ಜಾರಿದ ಸ್ಪ್ರಿಂಗ್ ಮನುಷ್ಯನ ಕೈ ಮುರಿಯುತ್ತದೆ. ಮೇಲಿನ ನಟ್ಟನ್ನು ಗಾಳಿಯ ಗನ್ನಿನಿಂದ ಬಿಗಿಯಲು ಬಿಡಬೇಡಿ, ರಾಡ್ ಒಳಗೆ ಗಿರಗಿರ ತಿರುಗಿ ಸೀಲು ಮೊದಲ ದಿನವೇ ಕೆಡುತ್ತದೆ. ಜೋಡಿ ಕೊಳವೆಯ ಶಾಕ್ ಆದರೆ ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ಮೂರು ನಾಲ್ಕು ಸಲ ನಿಧಾನವಾಗಿ ಒತ್ತಿ ಎಳೆಯಬೇಕು, ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿ ಮೇಲೇರಲಿ ಎಂದು. ಮುಖ್ಯವಾದ ಇನ್ನೊಂದು: ರಬ್ಬರ್ ಬುಶ್ ಇರುವ ಬೋಲ್ಟ್‌ಗಳನ್ನು ಚಕ್ರಗಳು ಜೋತುಬಿದ್ದಿರುವಾಗ ಪೂರ್ತಿ ಬಿಗಿಯಬಾರದು. ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆಯೇ ಕೊನೆಯ ಬಿಗಿತ, ಅದೂ ಟಾರ್ಕ್ ರೆಂಚಿನಿಂದ. ಇಲ್ಲವಾದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ವರ್ಷದೊಳಗೆ ಹರಿಯುತ್ತದೆ, ಮಾಲೀಕರು ಶಾಕ್‌ನ ಕಂಪನಿಯನ್ನು ಬೈಯುತ್ತಾರೆ.

ಪಡುಬಿದ್ರಿ_ಪಯಣಿಗ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕೊನೆಗೆ ಮೂಲ ಗುಣದ ಶಾಕ್‌ಗಳನ್ನೇ ನಾಲ್ಕೂ ಕಡೆ ಹಾಕಿಸಿದೆ, ಹಳೆಯ ಸ್ಪ್ರಿಂಗುಗಳು ಹಾಗೆಯೇ ಉಳಿದವು. ಭಾಗಗಳು ಬರಲು ಐದು ವಾರ ಹಿಡಿಯಿತು. ಕೆಲಸ ಒಂದು ದಿನದ್ದೆಂದು ಹೇಳಿದ್ದು ಎರಡೂವರೆ ದಿನವಾಯಿತು. ಉಪ್ಪುಗಾಳಿಯವರು ಎಚ್ಚರಿಸಿದಂತೆ ಮುಂಬದಿಯ ಬಲಗಡೆಯ ಸ್ಟ್ರಟ್ ಹಿಡಿಕೆಯಿಂದ ಹೊರಬರಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಮೆಕ್ಯಾನಿಕ್ ತಾಳ್ಮೆಯ ಮನುಷ್ಯ, ಸುತ್ತಿಗೆ ಎತ್ತಲಿಲ್ಲ.

ಬಿಚ್ಚಿದ ಭಾಗಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ನೋಡಿದೆವು. ಸೋರುತ್ತಿದ್ದ ಶಾಕ್‌ನ ರಾಡನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆಣ್ಣೆಯೊಳಗೆ ಇಳಿದಂತೆ ಇಳಿದು ಅಲ್ಲೇ ಕೂತುಬಿಟ್ಟಿತು, ಮೇಲೆ ಬರಲೇ ಇಲ್ಲ. ಅದರ ಜೊತೆಗಾರ ನಿಧಾನವಾಗಿ ಮುಕ್ಕಾಲು ಭಾಗ ಮೇಲೆ ಬಂದು ನಿಂತಿತು. ಹೊಸದನ್ನು ಒತ್ತಲು ಇಡೀ ಮೈಭಾರ ಹಾಕಬೇಕಾಯಿತು. ಬಂಪ್ ಸ್ಟಾಪ್‌ಗಳು ಕೈಯಲ್ಲಿ ಹಿಡಿದ ಕೂಡಲೇ ಹಳೆಯ ರಸ್ಕಿನಂತೆ ಪುಡಿಯಾದವು. ಮುಂಬದಿಯ ಮೌಂಟಿನ ಬೇರಿಂಗನ್ನು ತಿರುಗಿಸಿದರೆ ಮರಳು ಅರೆದ ಹಾಗೆ ಸದ್ದು.

ಒಂದು ವರ್ಷದಿಂದ ನನ್ನನ್ನು ಕಾಡುತ್ತಿದ್ದ ಆ ‘ಟಕ್’ ಶಾಕ್‌ನದಾಗಿರಲಿಲ್ಲ. ಹಿಂಬದಿಯ ಎಡ ಟಾಪ್ ಮೌಂಟಿನ ರಬ್ಬರ್ ಲೋಹದಿಂದ ಅರ್ಧಕ್ಕರ್ಧ ಬಿಟ್ಟುಕೊಂಡಿತ್ತು. ಮೆಕ್ಯಾನಿಕ್ ಅದನ್ನು ಅಂಗೈಯಲ್ಲಿ ಹಿಡಿದು ಅಲುಗಿಸಿದಾಗ ಅದೇ ಸದ್ದು ನನ್ನ ಕಿವಿಗೆ ಬಿತ್ತು. ಶಾಕ್ ಮಾತ್ರ ಬದಲಾಯಿಸಿ ಹಳೆಯ ಮೌಂಟನ್ನೇ ಮರಳಿ ಹಾಕಿಸಿದ್ದರೆ ಈ ಹೊತ್ತು ಇಲ್ಲಿ ಹೊಸ ಶಾಕ್‌ಗಳನ್ನು ದೂರುತ್ತಿದ್ದೆ.

ಟಯರುಗಳನ್ನೂ ಬದಲಾಯಿಸಿ, ಅಲೈನ್‌ಮೆಂಟ್ ಮಾಡಿಸಿ, 600 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಪರೀಕ್ಷಿಸಿದ್ದಾಯಿತು. ಕೂಳೂರು ಸೇತುವೆ ದಾಟಿದ ಮೇಲೆ ಕಾರು ಒಮ್ಮೆ ಇಳಿದು ಏರಿ ನಿಲ್ಲುತ್ತದೆ. ಕಾಂಕ್ರೀಟಿನ ಸಂದುಗಳು ಈಗಲೂ ತಿಳಿಯುತ್ತವೆ, ಆದರೆ ಬೆನ್ನಿಗಲ್ಲ, ಕೇವಲ ಕಿವಿಗೆ. ಆಗುಂಬೆಗೆ ಕಳೆದ ವಾರ ಹೋಗಿ ಬಂದೆ; ಬಿ6 ಇದ್ದಿದ್ದರೆ ಆರನೆಯ ತಿರುವಿನಿಂದ ಏಳನೆಯದಕ್ಕೆ ಹೊರಳುವಾಗ ಇನ್ನಷ್ಟು ಚುರುಕಾಗಿರುತ್ತಿತ್ತೇನೋ ಎಂಬ ಸಣ್ಣ ಆಸೆ ಹುಟ್ಟಿದ್ದು ಸುಳ್ಳಲ್ಲ. ಮನೆಯ ಗೇಟಿನ ಹತ್ತಿರ ಬಂದಾಗ ಅದು ಹೋಯಿತು.

ಮಣಿಪಾಲ_ಮೇಷ್ಟ್ರು

ಹಳೆಯ ಸ್ಟ್ರಟ್‌ಗಳನ್ನು ಗುಜರಿಗೆ ಹಾಕಿಲ್ಲವಾದರೆ ಒಂದನ್ನು ನನಗೆ ಕೊಡುತ್ತೀರಾ? ಅನಿಲವನ್ನು ಸುರಕ್ಷಿತವಾಗಿ ಹೊರಬಿಟ್ಟು, ಉದ್ದಕ್ಕೆ ಸೀಳಿ ವಿದ್ಯಾರ್ಥಿಗಳಿಗೆ ಕವಾಟಗಳನ್ನು ತೋರಿಸಬೇಕೆಂದಿದ್ದೇನೆ. ಚೆನ್ನಾಗಿರುವುದೇ ಬೇಕೆಂದಿಲ್ಲ.

ಪಡುಬಿದ್ರಿ_ಪಯಣಿಗ

ಮೇಷ್ಟ್ರೇ, ನಾಲ್ಕೂ ಹಿತ್ತಲಿನ ಶೆಡ್ಡಿನಲ್ಲಿವೆ, ಭಾನುವಾರ ಬಂದು ಬೇಕಾದ್ದನ್ನು ಒಯ್ಯಿರಿ. ಎಡಗಡೆಯದನ್ನು ಒಯ್ಯುವುದಾದರೆ ಡಿಕ್ಕಿಯಲ್ಲಿ ಹಾಸಲು ಪ್ಲಾಸ್ಟಿಕ್ ತನ್ನಿ, ಅದು ಇನ್ನೂ ಸೋರುತ್ತಿದೆ.